ಗಯಟೆಯನ್ನು ಅನುವಾದದಲ್ಲಿ ಓದಬಹುದೆ?

ಪ್ರಶ್ನೆ: ಜರ್ಮನ್ ಕವಿ ಗಯಟೆಯ ಕವಿತೆಗಳನ್ನೂ ಇಟಲಿಯ ಪ್ರವಾಸ ಕಥನವನ್ನೂ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಪ್ರವಾಸ ಕಥನ ರುಚಿಸಿತು, ಕವಿತೆ ಸಪ್ಪೆ ಎನಿಸಿತು. ಜರ್ಮನ್ ಬಾರದವರು ಅವನನ್ನು ಓದಿ ಪ್ರಯೋಜನವಿದೆಯೆ?
– ಓದುಗರೊಬ್ಬರು, ಮುಂಡಾಜೆ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಒಂದು ರುಚಿಸಿ ಇನ್ನೊಂದು ಸಪ್ಪೆಯಾದದ್ದು ನಿಮ್ಮ ಓದಿನ ದೋಷವಲ್ಲ. ಗದ್ಯ ಭಾಷೆ ದಾಟುವ ಬಗೆ ಬೇರೆ, ಪದ್ಯ ದಾಟುವ ಬಗೆ ಬೇರೆ.

ಮೊದಲು ಪ್ರವಾಸ ಕಥನ. 1786ರ ಸೆಪ್ಟೆಂಬರ್ 3ರಂದು ನಸುಕಿನ ಮೂರು ಗಂಟೆಗೆ ಗಯಟೆ ಸ್ನೇಹಿತರಿಗೂ ಹೇಳದೆ ಕಾರ್ಲ್ಸ್‌ಬಾಡ್‌ನಿಂದ ಗಾಡಿ ಹತ್ತಿದ. ಹೆಸರನ್ನೂ ಮರೆಸಿ ಮೋಲರ್ ಎಂದಿಟ್ಟುಕೊಂಡ. ವೆಸೂವಿಯಸ್ ಅಗ್ನಿಪರ್ವತ ಹತ್ತಿದ. ಪಲೆರ್ಮೊದ ತೋಟದಲ್ಲಿ, ಎಲ್ಲ ಗಿಡಗಳಿಗೂ ಮೂಲವಾದ ಒಂದು ಗಿಡ ಸಿಕ್ಕೀತೇ ಎಂದು ಹುಡುಕಿದ. ಕಣ್ಣಿಗೆ ಕಂಡದ್ದನ್ನೇ ನೆಚ್ಚಿದ ಇಂಥ ಗದ್ಯಕ್ಕೆ ಅನುವಾದದಲ್ಲಿ ಆಗುವ ನಷ್ಟ ಕಡಿಮೆ.

ಆದರೆ ಪುಟಪುಟಕ್ಕೂ ತಾರೀಕು ನೋಡಿ ಇದನ್ನು ಅಂದಂದಿನ ದಿನಚರಿ ಎಂದುಕೊಂಡುಬಿಡುತ್ತೇವೆ. ಹಾಗಲ್ಲ. ಹಳೆಯ ದಿನಚರಿ, ಪತ್ರಗಳನ್ನು ತಿದ್ದಿ ಅವನು ಪುಸ್ತಕ ಮಾಡಿದ್ದು ಸುಮಾರು 30 ವರ್ಷದ ಮೇಲೆ. ಮೊದಲೆರಡು ಭಾಗ ಬಂದದ್ದು 1816–17ರಲ್ಲಿ, ಕೊನೆಯದು 1829ರಲ್ಲಿ. 37ರ ಪ್ರವಾಸಿಯ ಬಾಯಲ್ಲಿ ಅರವತ್ತು ದಾಟಿದವನ ಮಾತೂ ಸೇರಿದೆ.

ಇನ್ನು ಕವಿತೆ. 1780ರಲ್ಲಿ ಇಲ್ಮೆನಾವ್ ಬಳಿಯ ಬೆಟ್ಟವೊಂದರ ಮೇಲಿನ ಮರದ ಗುಡಿಸಲಿನ ಗೋಡೆಯಲ್ಲಿ ಅವನು ಎಂಟು ಸಾಲು ಬರೆದ. ಸಂಜೆ ಕಾಡಿನ ಸದ್ದಡಗುವುದು, ವಿಷಯ ಅಷ್ಟೇ. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಿಮಗೆ ಆ ಹೊತ್ತು ಹೊಸದೇನಲ್ಲ. ಅಲ್ಲಿ ಬರುವ ‘ರೂ’ ಎಂಬ ಮಾತಿನಲ್ಲಿ ವಿಶ್ರಾಂತಿ, ನೆಮ್ಮದಿ, ನಿಶ್ಶಬ್ದ ಮೂರೂ ಇವೆ. ಅದರ ದೀರ್ಘ ಸ್ವರವೇ ಮುಂದೆ ‘ನೀನು’ ಎಂಬರ್ಥದ ‘ದೂ’ದಲ್ಲಿ ಪ್ರಾಸವಾಗಿ ಮರಳುತ್ತದೆ. ಕನ್ನಡದಲ್ಲಿ ‘ನೆಮ್ಮದಿ’ ಎಂದರೆ ನಿಶ್ಶಬ್ದ ತಪ್ಪಿತು, ‘ಮೌನ’ ಎಂದರೆ ವಿಶ್ರಾಂತಿ ತಪ್ಪಿತು. ಮೇಲಾಗಿ ನಮ್ಮ ಹಳೆಯ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ, ಅವರದು ಸಾಲಿನ ತುದಿಯಲ್ಲಿ. ನಿಮಗೆ ಸಪ್ಪೆ ಎನಿಸಿದ್ದು ಬಹುಶಃ ಈ ಜಾರಿಹೋದ ಭಾಗ. ಆದ್ದರಿಂದ ಕವಿತೆಗೆ ಒಂದೇ ಅನುವಾದ ಸಾಲದು, ಎರಡು ಮೂರನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಆ ಎಂಟು ಸಾಲಿಗೆ ಶೂಬರ್ಟ್ ಸಂಗೀತ ಹಾಕಿದ್ದಾನೆ. ಅರ್ಥ ತಿಳಿದುಕೊಂಡು ಅದನ್ನೂ ಕೇಳಿ.

ಪ್ರಯೋಜನವಿದೆಯೆ ಎಂದಿರಿ. ಗಯಟೆ ತಾನೇ ಅನುವಾದಗಳ ಓದುಗ! ಶಾಕುಂತಲವನ್ನು ವಿಲಿಯಂ ಜೋನ್ಸ್ 1789ರಲ್ಲಿ ಇಂಗ್ಲಿಷಿಗೆ ತಂದ. ಆ ಇಂಗ್ಲಿಷಿನಿಂದ ಫೋರ್ಸ್ಟರ್ 1791ರಲ್ಲಿ ಜರ್ಮನ್‌ಗೆ ತಂದ. ಹೀಗೆ ಎರಡು ಕೈ ದಾಟಿ ಬಂದ ಕಾಳಿದಾಸನನ್ನು ಓದಿ ಗಯಟೆ ಮೆಚ್ಚುಗೆಯ ಪದ್ಯ ಬರೆದ. ಪರ್ಷಿಯನ್ ಕವಿ ಹಫೀಜ್ ಅವನಿಗೆ ಸಿಕ್ಕಿದ್ದೂ ಹಾಮರನ ಜರ್ಮನ್ ಅನುವಾದದಲ್ಲಿ. ಅದರಿಂದ ಅವನ 1819ರ ಕವನ ಸಂಕಲನ ‘ದಿವಾನ್’ ಹುಟ್ಟಿತು. (ನಮ್ಮ ಕಡೆಯ ಸರಕೂ ಅತ್ತ ಹೋಗಿದೆ: 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್ ದಾಸರ ಪದಗಳನ್ನು ಜರ್ಮನ್‌ಗೆ ತಂದಿದ್ದಾನೆ.)

ಪ್ರವಾಸ ಕಥನಕ್ಕೆ ಆಡೆನ್ ಮತ್ತು ಎಲಿಜಬೆತ್ ಮೇಯರ್ ಅವರ 1962ರ ಇಂಗ್ಲಿಷ್ ಅನುವಾದ ಚೆನ್ನಾಗಿದೆ. ಆ ಎಂಟು ಸಾಲನ್ನು ಮಾತ್ರ ನೀವೇ ಒಮ್ಮೆ ಕನ್ನಡಕ್ಕೆ ತಂದು ನೋಡಿ. ತಂದರೆ ನಮಗೂ ಕಳಿಸಿಕೊಡಿ.