ಚಿತ್ರಗಳಿಂದ ಮಾತನಾಡುವ ಮಗುವೂ ಅದರ ಮನೆಯವರೂ

ಸೆರೆಬ್ರಲ್ ಪಾಲ್ಸಿ, ಆಟಿಸಂ ಮೊದಲಾದ ಕಾರಣಗಳಿಂದ ಕೆಲವು ಮಕ್ಕಳಿಗೆ ಬಾಯಿಂದ ಮಾತು ಹೊರಡುವುದಿಲ್ಲ. ಆದ್ದರಿಂದ ಅವರ ಮನಸ್ಸಿನಲ್ಲಿ ಹೇಳತಕ್ಕದ್ದೇನೂ ಇಲ್ಲವೆಂದು ಎಣಿಸಲಾಗದು. ಚಿತ್ರಗಳನ್ನು ಅಂಟಿಸಿದ ಹಲಗೆಯಿಂದಲಾಗಲಿ, ಮುಟ್ಟಿದೊಡನೆ ನುಡಿಯುವ ಟ್ಯಾಬ್ಲೆಟ್ಟಿನಿಂದಲಾಗಲಿ ಅವರು ತಮ್ಮ ಇಷ್ಟವನ್ನು ತಿಳಿಸಬಲ್ಲರು. ಇಂತಹ ಸಾಧನವು ಮಾತನ್ನು ತಡೆಯುವುದೆಂಬ ಭಯಕ್ಕೆ ಆಧಾರವಿಲ್ಲ. ಕೆಲವು ಮಕ್ಕಳ ಮಾತು ಇದರಿಂದ ಹೆಚ್ಚಿರುವುದೂ ಉಂಟು.

ಆದರೆ ಹಲಗೆಯನ್ನು ತಂದಿಟ್ಟಮಾತ್ರಕ್ಕೆ ಮಗುವು ಅದರಿಂದ ಮಾತನಾಡಲಾರದು. ತೊಟ್ಟಿಲ ಕೂಸು ಮೊದಲ ಮಾತನ್ನಾಡುವುದಕ್ಕೆ ಮುಂಚೆ ಸುಮಾರು ಒಂದು ವರ್ಷ ಮನೆಯವರ ಮಾತನ್ನು ಕೇಳುತ್ತದಷ್ಟೆ. ಹಾಗೆಯೇ ತಂದೆತಾಯಿಗಳೂ ಅಜ್ಜಿಯೂ ಒಡಹುಟ್ಟಿದವರೂ ಚಿತ್ರವನ್ನು ಬೆರಳಿನಿಂದ ತೋರಿಸುತ್ತ ತಾವೇ ಮೊದಲು ಮಾತನಾಡಬೇಕು. ಇದೇ ಈ ಪಾಠದ ಮುಖ್ಯಾಂಶ.

ಹಲಗೆಯಲ್ಲಿ ಮನೆಯ ಮಾತುಗಳೇ ಇರಲಿ: ಬೇಕು, ಬೇಡ, ಸಾಕು, ಇನ್ನೂ, ನೋವು, ಮುದ್ದೆ, ಅಜ್ಜಿ. ರಾಮನಗರದ ಸುತ್ತಣ ರೇಷ್ಮೆ ಸಾಕುವ ಮನೆಯಾದರೆ ಸೊಪ್ಪು, ಹುಳು, ಗೂಡು ಇವೂ ಸೇರಲಿ. ಚನ್ನಪಟ್ಟಣದ ಅರಗಿನ ಬುಗುರಿಯೊಂದನ್ನು ತಿರುಗಿಸಿ, ಅದು ನಿಂತಮೇಲೆ "ಇನ್ನೂ" ಎಂಬ ಚಿತ್ರವನ್ನು ಮುಟ್ಟಿ ತೋರಿಸಿರಿ. ಮುಂದಿನ ಸಲ ಮನಸ್ಸಿನಲ್ಲೇ ಹತ್ತು ಎಣಿಸುತ್ತ ಕಾಯಿರಿ. ಮಗುವಿನ ಕೈಯನ್ನು ಹಿಡಿದೆಳೆಯಬೇಡಿರಿ.

"ಬೇಡ" ಎಂಬ ಮಾತಿಗೆ ಮನ್ನಣೆಯಿರಬೇಕು. ಮಗುವು ಬೇಡವೆಂದರೂ ತುತ್ತನ್ನು ತುರುಕಿದರೆ ಹಲಗೆಯು ಸುಳ್ಳಾಗುವುದು. ಔಷಧವನ್ನು ಕೊಡಲೇಬೇಕಾದಾಗ, "ನೀನು ಬೇಡವೆಂದದ್ದು ತಿಳಿಯಿತು, ಆದರೂ ಇದು ಬೇಕು" ಎಂದು ಹೇಳಿ ಕೊಡಿರಿ. ಎಲ್ಲಿ ನೋವೆಂದೂ, ಯಾರು ನೋಯಿಸಿದರೆಂದೂ ತಿಳಿಸಲಾರದ ಮಗುವಿಗಿಂತ ನಿಸ್ಸಹಾಯರಾರು? ಆದುದರಿಂದ ಹಲಗೆಯನ್ನು ಬೀರುವಿನಲ್ಲಿ ಮುಚ್ಚಿಡದೆ, ಊಟಕ್ಕೂ ಜಾತ್ರೆಗೂ ಶಾಲೆಗೂ ಮಗುವಿನೊಡನೆ ಒಯ್ಯತಕ್ಕದ್ದು.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಮಕ್ಕಳನ್ನು ಪರೀಕ್ಷಿಸಿ ಸಲಹೆ ಕೊಡುವರು. ರಾಮನಗರ, ಚನ್ನಪಟ್ಟಣಗಳವರಿಗೆ ಅಲ್ಲಿಗೆ ನೇರ ರೈಲುಂಟು. ಕನಕಪುರ, ಮಾಗಡಿಗಳವರಿಗೆ ಬಸ್ಸಿನ ಪ್ರಯಾಸವುಂಟು. ದಾರಿ ದೂರವೆಂದು ಸುಮ್ಮನಿರದೆ, ಕೈಯಿಂದ ಬರೆದ ಚಿತ್ರಗಳಿಂದಲೇ ಇಂದು ಆರಂಭಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸಂವಹನವೆಂಬುದರಲ್ಲಿ ಮಾತಿಗೆ ಬದಲಾದ ಇಂತಹ ವಿಧಾನಗಳನ್ನೂ ಸೇರಿಸಿದೆಯೆಂಬುದನ್ನು ಪೋಷಕರು ನೆನಪಿನಲ್ಲಿಡಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಹೇಳುವುದಿಷ್ಟೆ: ನೆರೆಮನೆಯಲ್ಲಿ ಇಂತಹ ಮಗುವಿದ್ದರೆ, "ಇವನಿಗೆ ಏನು ಬೇಕಂತೆ?" ಎಂದು ತಾಯಿಯನ್ನು ಕೇಳದೆ, ಹಲಗೆಯ ಬಳಿ ಕುಳಿತು ಆ ಮಗುವನ್ನೇ ಕೇಳಿರಿ; ಉತ್ತರ ಬರುವವರೆಗೂ ಏಳಬೇಡಿರಿ.