ನಕ್ಷತ್ರಲೋಕಕ್ಕೆ ಕನ್ನಡದ ನುಡಿ

ಇರುಳಿನ ಆಗಸವನ್ನು ನೋಡಿದ ಮಾನವನಿಗೆ ‘ಅಲ್ಲಿ ಯಾರಿರುವರು?’ ಎಂಬ ಪ್ರಶ್ನೆ ಮೂಡದೆ ಇರಲಾರದು. ಕೃಷಿಕನು ಮೃಗಶಿರೆ, ಆರಿದ್ರೆಗಳನ್ನು ಎಣಿಸಿ ಬಿತ್ತಿದನು. ಜ್ಯೋತಿರ್ವಿದನು ಗ್ರಹಗತಿಯನ್ನು ಗಣಿಸಿದನು. ಆದರೆ ಆ ಪ್ರಶ್ನೆಯನ್ನು ತಾರೆಗಳತ್ತಲೇ ಕಳುಹಿಸುವ ಸಾಹಸವು ನಮ್ಮ ಕಾಲದ್ದು.

1977ರಲ್ಲಿ ಅಮೆರಿಕ ದೇಶವು ವಾಯೇಜರ್ ಎಂಬ ಹೆಸರಿನ ಎರಡು ನೌಕೆಗಳನ್ನು ಹಾರಿಸಿತು. ಪ್ರತಿಯೊಂದರಲ್ಲಿಯೂ ಚಿನ್ನದ ಲೇಪವುಳ್ಳ, 12 ಅಂಗುಲದ ತಾಮ್ರದ ಧ್ವನಿಮುದ್ರಿಕೆಯುಂಟು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಅವರ ನೇತೃತ್ವದ ಸಮಿತಿಯು ಅದರಲ್ಲಿ ಮಳೆ, ಗಾಳಿ, ಹಕ್ಕಿಗಳ ದನಿಯನ್ನೂ, ಕೇಸರಬಾಯಿ ಕೇರ್ಕರ್ ಅವರ ಭೈರವಿಯನ್ನೂ, 55 ಭಾಷೆಗಳ ಶುಭಾಶಯಗಳನ್ನೂ ಅಡಕಗೊಳಿಸಿತು. ಆ 55ರಲ್ಲಿ ನಮ್ಮ ಕನ್ನಡವೂ ಒಂದು!

ಮೊದಲನೆಯ ನೌಕೆಯು 2012ರಲ್ಲಿ, ಎರಡನೆಯದು 2018ರಲ್ಲಿ ಸೌರಮಾರುತದ ಎಲ್ಲೆಯನ್ನು ದಾಟಿತು. ಆದರೂ ಮೊದಲನೆಯದು ಮತ್ತೊಂದು ನಕ್ಷತ್ರದ ಸಮೀಪಕ್ಕೆ, ಅಂದರೆ ಸುಮಾರು 1.6 ಜ್ಯೋತಿರ್ವರ್ಷಗಳ ಅಂತರಕ್ಕೆ, ಬರಲು ಇನ್ನೂ ಸುಮಾರು 40,000 ವರ್ಷಗಳು ಬೇಕು. ಅಲ್ಲಿ ಕೇಳುವ ಕಿವಿಯಿದೆಯೋ ಇಲ್ಲವೋ ಬಲ್ಲವರಿಲ್ಲ. ಭೂಮಿಯಾಚೆ ಜೀವವಿದೆಯೆಂಬುದಕ್ಕೆ ಇಂದಿಗೂ ನಿಶ್ಚಿತ ಪ್ರಮಾಣ ದೊರೆತಿಲ್ಲ.

“ಹಾಗಾದರೆ ಇದರಿಂದ ಪ್ರಯೋಜನವೇನು, ಗುರುಗಳೇ?” ಎಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಕೇಳಿದನು. ಪ್ರಯೋಜನವು ನಮಗೇ. ಅನ್ಯಲೋಕಕ್ಕೆ ತನ್ನನ್ನು ಪರಿಚಯಿಸಿಕೊಳ್ಳುವಾಗ ಮಾನವನು ಹಲವು ನುಡಿಗಳ ಒಂದೇ ಕುಟುಂಬವಾಗಿ ನಿಂತನು. ತಾರೆಗಳ ನಡುವೆ ಸಾಗುತ್ತಿರುವ ಆ ಕನ್ನಡವನ್ನು ತಿಳಿಯಬಲ್ಲವರು ಈ ನೆಲದ ಮೇಲೂ ಉಳಿಯಬೇಡವೇ? ಆ ಹೊಣೆಯನ್ನು ಹೊರಬೇಕಾದವರು ಅಧ್ಯಾಪಕರಾದ ನಾವು ಮತ್ತು ಮನೆಮನೆಯ ಹಿರಿಯರು.