ಶಾಲೆಯ ಬಾಗಿಲಲ್ಲಿ ಬಂದ ದಂಡದ ಚೀಟಿ



ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಿಂದ ಮಕ್ಕಳು ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದಾರೆ. ಕೆಲವರು ಅಲ್ಲಿನ ಆಸ್ಪತ್ರೆಗಳಲ್ಲಿ ದಾದಿಯರು, ಕೆಲವರು ವೃದ್ಧಾಶ್ರಮಗಳಲ್ಲಿ ಆರೈಕೆ ಮಾಡುವವರು, ಇನ್ನು ಕೆಲವರು ಕಂಪ್ಯೂಟರ್ ಕೆಲಸದವರು. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಆರು ತಿಂಗಳ ವೀಸಾದಲ್ಲಿ ಹೋಗಿಬರುವ ಅಜ್ಜ ಅಜ್ಜಿಯರೂ ಇದ್ದಾರೆ. ಅಲ್ಲಿನ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸಣ್ಣ ಸಂಕಟವನ್ನು ಇಂದಿನ ಪಾಠಕ್ಕೆ ತೆಗೆದುಕೊಳ್ಳೋಣ. ಸಂಕಟ ಸಣ್ಣದೇ. ಆದರೆ ಮನೆಯ ಹಣ, ಮನಸ್ಸಿನ ನೆಮ್ಮದಿ, ಮಕ್ಕಳ ಮುಂದೆ ನಮ್ಮ ಮಾತಿನ ಬೆಲೆ, ಈ ಮೂರೂ ಅದರಲ್ಲಿ ಸಿಕ್ಕಿಕೊಂಡಿವೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿ ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮನೆಗೆ ಬಂದಿದ್ದಾಳೆ. ಹೊರಗೆ ಮಳೆ. ಆರು ವರ್ಷದ ಮಗಳನ್ನು ಒಂಬತ್ತಕ್ಕೆ ಮೊದಲು ಶಾಲೆಗೆ ಮುಟ್ಟಿಸಬೇಕು. ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಎರಡೇ ನಿಮಿಷ ಎಂದುಕೊಂಡು ಶಾಲೆಯ ಬಾಗಿಲ ಮುಂದಿನ ಹಳದಿ ಗೆರೆಗಳ ಮೇಲೆ ನಿಲ್ಲಿಸಿ ಮಗುವನ್ನು ಇಳಿಸುತ್ತಾಳೆ. ಹತ್ತು ದಿನ ಕಳೆದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಕ್ಯಾಮೆರಾ ತೆಗೆದ ಚಿತ್ರ, ಕಾರಿನ ನಂಬರು, 70 ಪೌಂಡು ದಂಡ. ಊಟದ ಮೇಜಿನಲ್ಲಿ ಗಂಡ ಹೇಳುತ್ತಾನೆ: "ದಾರಿಯಲ್ಲಿ ಮಗುವಿಗೆ ವಾಂತಿ ಆಯಿತು, ಅದಕ್ಕೇ ನಿಲ್ಲಿಸಿದೆ ಅಂತ ಬರೆದುಬಿಡು. ಅವರಿಗೇನು ಗೊತ್ತಾಗುತ್ತೆ?" ಮಗಳು ತಲೆಯೆತ್ತಿ ನೋಡುತ್ತಾಳೆ. ತನಗೆ ವಾಂತಿ ಆಗಲಿಲ್ಲ ಎಂಬುದು ಅವಳಿಗೆ ಗೊತ್ತು.

ಇಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತೇವೆ. ಹೆದರಿ, ಚೀಟಿಯನ್ನು ಓದದೆಯೇ ಹಣ ಕಟ್ಟುವುದು ಒಂದು. ಸಿಟ್ಟಿನಿಂದ ಚೀಟಿಯನ್ನು ಮೂಲೆಗೆ ಎಸೆಯುವುದು ಇನ್ನೊಂದು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದು ಮೂರನೆಯದು. ಮೂರೂ ಸರಿಯಲ್ಲ. ಸರಿಯಾದ ದಾರಿ ನಾಲ್ಕನೆಯದು: ಓದಿ ತಿಳಿಯುವುದು, ಸತ್ಯವನ್ನು ಪರಿಶೀಲಿಸುವುದು, ನ್ಯಾಯವಿದ್ದರೆ ಮನವಿ ಮಾಡುವುದು, ಇಲ್ಲದಿದ್ದರೆ ಬೇಗ ಕಟ್ಟಿ ಮುಗಿಸುವುದು.

1. ಚೀಟಿ ಕಳುಹಿಸಿದವರು ಯಾರು?

ಮೊದಲು ನೋಡಬೇಕಾದದ್ದು ಇದನ್ನೇ. ಇಂಗ್ಲೆಂಡಿನಲ್ಲಿ ಮೂರು ಬಗೆಯ ಚೀಟಿಗಳಿವೆ. ಸ್ಥಳೀಯ ಕೌನ್ಸಿಲ್ ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್. 2004ರ ಸಂಚಾರ ನಿರ್ವಹಣಾ ಕಾನೂನು ಅದಕ್ಕೆ ಆಧಾರ. ಅಂಗಡಿಯ ಅಂಗಳ, ಖಾಸಗಿ ನಿಲ್ದಾಣ ಮುಂತಾದ ಕಡೆ ಕಂಪನಿಗಳು ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡರ ಹೆಸರೂ ಒಂದೇ ತರಹ, ಕಿರಿದಾಗಿಸಿದರೆ ಎರಡೂ ಪಿಸಿಎನ್. ಹೆಸರಿನಲ್ಲಿ ಮೋಸಹೋಗಬೇಡಿ, ಎರಡರ ದಾರಿ ಬೇರೆ ಬೇರೆ. ಮೂರನೆಯದು ಪೊಲೀಸರು ಕೊಡುವ ನಿಗದಿತ ದಂಡದ ಚೀಟಿ. ಅದನ್ನು ಒಪ್ಪದವರು ನ್ಯಾಯಾಲಯದ ವಿಚಾರಣೆ ಕೇಳಬೇಕಾಗುತ್ತದೆ. ಶಾಲೆಯ ಬೀದಿಯಲ್ಲಿ ಸಿಗುವ ಚೀಟಿ ಹೆಚ್ಚಾಗಿ ಕೌನ್ಸಿಲಿನದೇ ಆಗಿರುತ್ತದೆ.

2. ಗೆರೆಗಳು ಏನು ಹೇಳುತ್ತವೆ?

ಎಲ್ಲ ಹಳದಿ ಗೆರೆಗಳೂ ಒಂದೇ ಅಲ್ಲ. ತಾಯಂದಿರು ಎಡವುವುದು ಇಲ್ಲಿಯೇ.

ರಸ್ತೆಯ ಅಂಚಿಗೆ ನೇರವಾಗಿ ಎಳೆದ ಜೋಡಿ ಹಳದಿ ಗೆರೆಯ ಅರ್ಥ, ಯಾವ ಹೊತ್ತಿನಲ್ಲೂ ಕಾರು ನಿಲ್ಲಿಸಿ ಕಾಯಬಾರದು ಎಂದು. ಒಂಟಿ ಗೆರೆಯಾದರೆ ಹತ್ತಿರದ ಫಲಕದಲ್ಲಿ ಬರೆದ ಸಮಯಕ್ಕೆ ಮಾತ್ರ ಆ ನಿಷೇಧ. ಆದರೆ ಈ ಎರಡರ ಮೇಲೂ ಜನರನ್ನು ಹತ್ತಿಸಲು, ಇಳಿಸಲು ಬೇಕಾದಷ್ಟು ಹೊತ್ತು ನಿಲ್ಲಿಸುವುದಕ್ಕೆ ಸಾಮಾನ್ಯವಾಗಿ ಅವಕಾಶವಿದೆ. ಚಿಕ್ಕ ಮಗುವನ್ನು ಕೈಹಿಡಿದು ಬಾಗಿಲಿಗೆ ಬಿಟ್ಟುಬರಲು ಬೇಕಾದ ಸಮಯವನ್ನೂ ನ್ಯಾಯಮಂಡಳಿಗಳು ಇದರಲ್ಲಿ ಸೇರಿಸಿಕೊಂಡದ್ದುಂಟು. ಇನ್ನೊಬ್ಬ ತಾಯಿಯ ಜೊತೆ ಮಾತಿಗೆ ನಿಂತ ಹತ್ತು ನಿಮಿಷ ಮಾತ್ರ ಇದರಲ್ಲಿ ಸೇರುವುದಿಲ್ಲ.

ಶಾಲೆಯ ಬಾಗಿಲ ಮುಂದಿನ ಅಂಕುಡೊಂಕು ಹಳದಿ ಗೆರೆಗಳು ಬೇರೆಯೇ. ಅಲ್ಲಿ ನಿಲ್ಲಿಸಬಾರದೆಂಬ ಫಲಕ ಕಂಬದ ಮೇಲಿದ್ದರೆ, ಅದರಲ್ಲಿ ಬರೆದ ಸಮಯದಲ್ಲಿ ಕಾಯುವುದಷ್ಟೇ ಅಲ್ಲ, ಮಗುವನ್ನು ಇಳಿಸಲೆಂದು ಒಂದು ಕ್ಷಣ ನಿಲ್ಲಿಸುವುದೂ ತಪ್ಪು. ಅಲ್ಲಿನ ಹೆದ್ದಾರಿ ಸಂಹಿತೆಯ 238ನೆಯ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. 2015ರಿಂದ ಇಂಗ್ಲೆಂಡಿನಲ್ಲಿ ಕ್ಯಾಮೆರಾ ನೋಡಿ ಅಂಚೆಯ ಮೂಲಕ ಪಾರ್ಕಿಂಗ್ ದಂಡ ಕಳುಹಿಸುವುದನ್ನು ಸರಕಾರ ಬಹುಮಟ್ಟಿಗೆ ನಿಲ್ಲಿಸಿತು. ಆದರೂ ಶಾಲೆಯ ಮುಂದಿನ ಈ ಗೆರೆಗಳಿಗೆ ಅದನ್ನು ಉಳಿಸಿಕೊಂಡಿತು. ಕಾರಣ ಸರಳ. ಸಾಲಾಗಿ ನಿಂತ ಕಾರುಗಳ ಮಧ್ಯದಿಂದ ಹೊರಡುವ ಮಗುವಿಗೆ ರಸ್ತೆ ಕಾಣುವುದಿಲ್ಲ, ಕಾರು ಓಡಿಸುವವನಿಗೆ ಮಗು ಕಾಣುವುದಿಲ್ಲ. ಆ ಗೆರೆ ಇರುವುದು ನಮ್ಮ ಮಗುವಿಗಾಗಿ ಮತ್ತು ಪಕ್ಕದ ಮನೆಯ ಮಗುವಿಗಾಗಿ.

ಹಣ ಕಟ್ಟಿ ನಿಲ್ಲಿಸುವ ಜಾಗದಲ್ಲಿ, ಅಥವಾ ಇಷ್ಟು ಹೊತ್ತು ಉಚಿತ ಎಂದು ಬರೆದ ಜಾಗದಲ್ಲಿ, ಸಮಯ ಮುಗಿದ ಮೇಲೆ ಇಂಗ್ಲೆಂಡಿನ ಕೌನ್ಸಿಲ್‌ಗಳು ಹತ್ತು ನಿಮಿಷ ವಿನಾಯಿತಿ ಕೊಡಬೇಕು. ಹಳದಿ ಗೆರೆಗಳಿಗೆ ಈ ವಿನಾಯಿತಿ ಇಲ್ಲ.

3. ಮನವಿಯ ಮೆಟ್ಟಿಲುಗಳು

ಕೌನ್ಸಿಲಿನ ಚೀಟಿಗೆ ಮೆಟ್ಟಿಲುಗಳು ಹೀಗಿವೆ. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮೊದಲನೆಯ ಮೆಟ್ಟಿಲು. ಚೀಟಿಯನ್ನು ಕಾರಿನ ಗಾಜಿಗೆ ಅಂಟಿಸಿದ್ದರೆ ಹಣ ಕಟ್ಟಲು 28 ದಿನ. 14 ದಿನದೊಳಗೆ ಕಟ್ಟಿದರೆ ಅರ್ಧ ಹಣ ಸಾಕು. ಅಷ್ಟರೊಳಗೆ ಕೌನ್ಸಿಲಿಗೆ ಒಂದು ಸಾದಾ ಆಕ್ಷೇಪಣೆ ಬರೆಯಬಹುದು. 14 ದಿನದೊಳಗೆ ಬರೆದ ಆಕ್ಷೇಪಣೆ ತಿರಸ್ಕಾರವಾದರೆ ಅರ್ಧ ದರವನ್ನು ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ಆದುದರಿಂದ ನ್ಯಾಯವಿದ್ದವರು ಬೇಗ ಬರೆಯುವುದು ಒಳ್ಳೆಯದು. ಕ್ಯಾಮೆರಾದ ಮೇಲೆ ಅಂಚೆಯಲ್ಲಿ ಬಂದ ಚೀಟಿಯಾದರೆ ಅರ್ಧ ದರಕ್ಕೆ 21 ದಿನ ಉಂಟು, ಆದರೆ ಈ ಸಾದಾ ಆಕ್ಷೇಪಣೆಯ ಮೆಟ್ಟಿಲಿಲ್ಲ, ನೇರವಾಗಿ ಎರಡನೆಯದಕ್ಕೆ ಹೋಗಬೇಕು.

ಎರಡನೆಯ ಮೆಟ್ಟಿಲು. ಗಾಜಿನ ಮೇಲಿನ ಚೀಟಿಗೆ ಹಣ ಕಟ್ಟದಿದ್ದರೆ ಕಾರಿನ ಮಾಲೀಕರಿಗೆ ಒಂದು ನೋಟಿಸು ಬರುತ್ತದೆ. ಅದು ಬಂದ 28 ದಿನದೊಳಗೆ ವಿಧಿವತ್ತಾದ ಮನವಿ ಸಲ್ಲಿಸಬೇಕು. ಅಂಚೆಯಲ್ಲಿ ಬಂದ ಕ್ಯಾಮೆರಾ ಚೀಟಿಗೂ ಮನವಿಯ ಅವಧಿ 28 ದಿನವೇ. ಕೌನ್ಸಿಲ್ 56 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮನವಿಯನ್ನು ಒಪ್ಪಿದಂತೆಯೇ ಲೆಕ್ಕ.

ಮೂರನೆಯ ಮೆಟ್ಟಿಲು. ಮನವಿ ತಿರಸ್ಕಾರವಾದರೆ 28 ದಿನದೊಳಗೆ ಸ್ವತಂತ್ರ ನ್ಯಾಯಮಂಡಳಿಗೆ ಹೋಗಬಹುದು. ಲಂಡನ್ನಿನಲ್ಲಿ ಅದು ಲಂಡನ್ ಟ್ರಿಬ್ಯುನಲ್ಸ್. ಇಂಗ್ಲೆಂಡಿನ ಉಳಿದ ಭಾಗಕ್ಕೂ ವೇಲ್ಸಿಗೂ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯುನಲ್. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮನೆಯಲ್ಲಿ ಕುಳಿತೇ ಕಾಗದಪತ್ರ ಕಳುಹಿಸಬಹುದು. ಆದರೆ ಅಲ್ಲಿ ಸೋತರೆ ಪೂರ್ತಿ ದಂಡ ಕಟ್ಟಬೇಕಾಗುತ್ತದೆ. ಅರ್ಧ ದರದ ಅವಕಾಶ ಕಳೆದುಹೋಗುತ್ತದೆ ಎಂಬುದನ್ನು ಮೊದಲೇ ತೂಗಿ ನೋಡಿ.

ಏನೂ ಮಾಡದೆ ಸುಮ್ಮನಿದ್ದರೆ? ದಂಡ ಅರ್ಧಪಟ್ಟು ಹೆಚ್ಚುತ್ತದೆ, 70 ಪೌಂಡು 105 ಆಗುತ್ತದೆ. ಆಮೇಲೆ ನಾರ್ತಾಂಪ್ಟನ್ ಕೌಂಟಿ ನ್ಯಾಯಾಲಯದ ಸಂಚಾರ ಜಾರಿ ಕೇಂದ್ರದಲ್ಲಿ ಅದನ್ನು ಸಾಲವೆಂದು ನೋಂದಾಯಿಸುತ್ತಾರೆ. ಕೊನೆಗೆ ವಸೂಲಿಯವರು ಮನೆಬಾಗಿಲಿಗೆ ಬರುತ್ತಾರೆ. ಅವರ ಖರ್ಚೂ ನಮ್ಮ ತಲೆಯ ಮೇಲೆಯೇ.

ಹೊಸದಾಗಿ ಹೋದ ನಮ್ಮವರಿಗೆ ಇಲ್ಲಿ ವಿಶೇಷ ಎಚ್ಚರಿಕೆ ಬೇಕು. ಅವರು ಬಾಡಿಗೆ ಮನೆಗಳನ್ನು ಪದೇ ಪದೇ ಬದಲಾಯಿಸುತ್ತಾರೆ. ಕಾರಿನ ದಾಖಲೆ ಪುಸ್ತಕದಲ್ಲಿ ಮಾತ್ರ ಹಳೆಯ ವಿಳಾಸವೇ ಉಳಿದಿರುತ್ತದೆ. ನೋಟಿಸು ಹಳೆಯ ಮನೆಗೆ ಹೋಗುತ್ತದೆ, ದಿನಗಳು ಉರುಳಿಹೋಗುತ್ತವೆ. ಮನೆ ಬದಲಾಯಿಸಿದ ಕೂಡಲೇ ಡಿವಿಎಲ್‌ಎ ಕಚೇರಿಗೆ ವಿಳಾಸ ತಿಳಿಸಿ. ತಿಳಿಸದಿರುವುದೇ 1,000 ಪೌಂಡಿನವರೆಗೆ ದಂಡಕ್ಕೆ ಗುರಿಮಾಡುವ ತಪ್ಪು. ನೋಟಿಸು ನಿಜವಾಗಿಯೂ ಕೈಸೇರಿರದಿದ್ದರೆ ಆ ಜಾರಿ ಕೇಂದ್ರಕ್ಕೆ ಸಾಕ್ಷ್ಯ ಹೇಳಿಕೆ ಸಲ್ಲಿಸಿ ಪ್ರಕರಣವನ್ನು ಹಿಂದಿನ ಮೆಟ್ಟಿಲಿಗೆ ತರಿಸಿಕೊಳ್ಳಬಹುದು. ಆ ಹೇಳಿಕೆಯಲ್ಲಿ ತಿಳಿದೂ ಸುಳ್ಳು ಬರೆಯುವುದು ಅಪರಾಧ.

ಕಾರನ್ನು ಆ ದಿನ ಯಾರು ಓಡಿಸಿದರು ಎಂಬುದು ಕೌನ್ಸಿಲಿಗೆ ಮುಖ್ಯವಲ್ಲ. ಮಾವನೇ ಓಡಿಸಿರಲಿ, ಅತಿಥಿಯೇ ಓಡಿಸಿರಲಿ, ಹೊಣೆ ಸಾಮಾನ್ಯವಾಗಿ ಮಾಲೀಕರದು.

4. ಮನವಿಯಲ್ಲಿ ಏನು ಬರೆಯಬೇಕು?

ಬರೆಯುವ ಮೊದಲು ನೋಡಿ. ಕೌನ್ಸಿಲಿನ ಬಳಿಯಿರುವ ಚಿತ್ರಗಳನ್ನು, ವಿಡಿಯೋವನ್ನು ತರಿಸಿ ನೋಡಿ. ಅದೇ ಜಾಗಕ್ಕೆ ಮತ್ತೆ ಹೋಗಿ ಫಲಕ, ಗೆರೆ ಎರಡರ ಫೋಟೋ ತೆಗೆಯಿರಿ. ಫಲಕ ಮರದ ಕೊಂಬೆಯ ಹಿಂದೆ ಮರೆಯಾಗಿದೆಯೇ? ಗೆರೆ ಅಳಿಸಿಹೋಗಿದೆಯೇ? ಚೀಟಿಯಲ್ಲಿರುವ ಹೊತ್ತು ಫಲಕದ ಸಮಯದೊಳಗೆ ಬರುತ್ತದೆಯೇ? ಕಾರಿನ ನಂಬರು, ಬೀದಿಯ ಹೆಸರು, ದಿನಾಂಕ ಸರಿಯಿವೆಯೇ? ಕ್ಯಾಮೆರಾ ಚೀಟಿ ಘಟನೆಯ 28 ದಿನದೊಳಗೆ ಬಂದಿದೆಯೇ?

ಕಾನೂನು ಒಪ್ಪುವ ಕಾರಣಗಳು ಮುಖ್ಯವಾಗಿ ಇವು: ತಪ್ಪು ನಡೆದೇ ಇಲ್ಲ, ಆ ದಿನ ಕಾರು ನನ್ನದಾಗಿರಲಿಲ್ಲ, ನನ್ನ ಒಪ್ಪಿಗೆಯಿಲ್ಲದೆ ಕಾರನ್ನು ಒಯ್ದಿದ್ದರು, ಕೇಳಿದ ಹಣ ನಿಗದಿಗಿಂತ ಹೆಚ್ಚು, ಕೌನ್ಸಿಲ್ ಕ್ರಮ ತಪ್ಪಿದೆ, ಹಣ ಆಗಲೇ ಕಟ್ಟಿಯಾಗಿದೆ. ಇವಲ್ಲದೆ ಮಗುವಿಗೆ ದಿಢೀರನೆ ಕಾಯಿಲೆ, ಕಾರು ಕೆಟ್ಟು ನಿಂತದ್ದು ಮುಂತಾದ ಬಲವಾದ ಕಾರಣಗಳನ್ನೂ ಕೌನ್ಸಿಲಿಗೆ ತಿಳಿಸಬಹುದು. ಕರುಣೆ ತೋರಿಸುವ ಅಧಿಕಾರ ಕೌನ್ಸಿಲಿಗೆ ಉಂಟು. ನ್ಯಾಯಮಂಡಳಿ ಕರುಣೆಯ ಆಧಾರದ ಮೇಲೆ ತಾನೇ ದಂಡ ರದ್ದುಮಾಡಲಾರದು, ಮತ್ತೊಮ್ಮೆ ಯೋಚಿಸಿರೆಂದು ಕೌನ್ಸಿಲಿಗೆ ಶಿಫಾರಸು ಮಾಡಬಲ್ಲದು.

ಬರಹ ಚಿಕ್ಕದಾಗಿರಲಿ. ಬೈಗುಳ ಬೇಡ, ಅಳುವೂ ಬೇಡ. ಹೀಗೆ ಬರೆದರೆ ಸಾಕು:

"ಇಂಥ ದಿನ, ಇಂಥ ಹೊತ್ತಿಗೆ ಜೋಡಿ ಹಳದಿ ಗೆರೆಯ ಮೇಲೆ ಕಾರು ನಿಲ್ಲಿಸಿದ್ದು ನಿಜ. ಐದು ವರ್ಷದ ನನ್ನ ಮಗನನ್ನು ಇಳಿಸಿ, ಕೈಹಿಡಿದು ಶಾಲೆಯ ಬಾಗಿಲಿಗೆ ಬಿಟ್ಟು ಕೂಡಲೇ ಹಿಂದಿರುಗಿದೆ. ಪ್ರಯಾಣಿಕರನ್ನು ಇಳಿಸಲು ಇರುವ ವಿನಾಯಿತಿ ಇದಕ್ಕೆ ಅನ್ವಯಿಸುತ್ತದೆ. ಮಗನ ವಯಸ್ಸಿನ ದಾಖಲೆಯನ್ನೂ ಸ್ಥಳದ ಎರಡು ಫೋಟೋಗಳನ್ನೂ ಲಗತ್ತಿಸಿದ್ದೇನೆ. ದಯವಿಟ್ಟು ಚೀಟಿಯನ್ನು ರದ್ದುಪಡಿಸಿ."

ಕಳುಹಿಸಿದ ಪ್ರತಿಯೊಂದರ ನಕಲನ್ನೂ ಇಟ್ಟುಕೊಳ್ಳಿ.

5. ಖಾಸಗಿ ಜಾಗದ ಚೀಟಿಯಾದರೆ

ಶಾಲೆಯ ಹತ್ತಿರದ ಅಂಗಡಿಯ ಅಂಗಳದಲ್ಲಿ ಕಾರು ಬಿಟ್ಟು ಮಗುವನ್ನು ಕರೆತರಲು ಹೋಗುವವರು ಅನೇಕರು. ಅಲ್ಲಿ ಬರುವ ಚೀಟಿ ಸರಕಾರಿ ದಂಡವಲ್ಲ. ಫಲಕದಲ್ಲಿ ಬರೆದ ಷರತ್ತನ್ನು ಮುರಿದಿರಿ ಎಂಬ ಕಂಪನಿಯ ಬೇಡಿಕೆ ಅದು. ಹಾಗೆಂದು ಅಲಕ್ಷಿಸುವಂತಿಲ್ಲ. ಎರಡು ಗಂಟೆ ಉಚಿತವಿದ್ದ ಜಾಗದಲ್ಲಿ 56 ನಿಮಿಷ ಹೆಚ್ಚು ನಿಂತದ್ದಕ್ಕೆ ಕೇಳಿದ 85 ಪೌಂಡು ನ್ಯಾಯವೇ ಎಂದು 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಮೊದಲು ಕಂಪನಿಗೇ ಬರೆಯಬೇಕು. ಅದು ಒಪ್ಪದಿದ್ದರೆ, ಕಂಪನಿ ಯಾವ ಸಂಘದ ಸದಸ್ಯ ಎಂಬುದನ್ನು ನೋಡಿ ಪೋಪ್ಲಾ ಅಥವಾ ಐಎಎಸ್ ಎಂಬ ಮೇಲ್ಮನವಿ ವ್ಯವಸ್ಥೆಗೆ ಹೋಗಬೇಕು. ಕಂಪನಿ ದಾವೆ ಹೂಡಿದಾಗಲೂ ಸುಮ್ಮನಿದ್ದು, ತೀರ್ಪಾದ ತಿಂಗಳೊಳಗೆ ಹಣ ಕಟ್ಟದಿದ್ದರೆ ಆ ತೀರ್ಪು ಆರು ವರ್ಷ ನಮ್ಮ ಸಾಲದ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಕೊಳ್ಳಲು ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ.

6. ತಪ್ಪು ನಮ್ಮದೇ ಆದಾಗ

ಈಗ ಮೊದಲಿನ ಆ ತಾಯಿಯ ಬಳಿಗೆ ಹಿಂದಿರುಗೋಣ. ಅವಳು ನಿಲ್ಲಿಸಿದ್ದು ಅಂಕುಡೊಂಕು ಗೆರೆಯ ಮೇಲೆ. ಮರುದಿನ ಹೋಗಿ ನೋಡುತ್ತಾಳೆ, ಫಲಕ ಸ್ಪಷ್ಟವಾಗಿದೆ, ಸಮಯವೂ ಹೊಂದುತ್ತದೆ. ಮಗುವಿಗೆ ಕಾಯಿಲೆ ಇರಲಿಲ್ಲ. ಅವಳಿಗೆ ಮನವಿಗೆ ನ್ಯಾಯವಾದ ಕಾರಣವಿಲ್ಲ. ಆಯಾಸವಿತ್ತು, ಮಳೆಯಿತ್ತು, ಅದು ನಿಜ. ಅದನ್ನು ಇದ್ದದ್ದು ಇದ್ದ ಹಾಗೆ ಬರೆದು ಕರುಣೆ ಕೇಳಿದರೆ ತಪ್ಪಿಲ್ಲ, ಆದರೆ ಸಿಗುವ ಭರವಸೆ ಕಡಿಮೆ. 21 ದಿನದೊಳಗೆ 35 ಪೌಂಡು ಕಟ್ಟಿ ಮುಗಿಸುವುದೇ ಅವಳಿಗೆ ವಿವೇಕದ ದಾರಿ.

ಸುಳ್ಳು ಬರೆದಿದ್ದರೆ? ಒಂದು ವೇಳೆ ಕೌನ್ಸಿಲ್ ನಂಬಿ 35 ಪೌಂಡು ಉಳಿಯುತ್ತಿತ್ತು. ಆದರೆ ಸುಳ್ಳುಸಾಕ್ಷಿ ಹೇಳಬಾರದೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತ ಮಗು, ತನ್ನ ಹೆಸರಿನಲ್ಲೇ ಅಪ್ಪ ಅಮ್ಮ ಸುಳ್ಳು ಬರೆದರು ಎಂಬುದನ್ನು ಮರೆಯುವುದಿಲ್ಲ. ಇನ್ನೊಂದು ಹಾನಿಯೂ ಉಂಟು. ನಾಳೆ ಇನ್ನೊಬ್ಬ ತಾಯಿ ನಿಜವಾಗಿಯೂ ಕಾಯಿಲೆಯ ಮಗುವಿಗಾಗಿ ಕಾರು ನಿಲ್ಲಿಸಿ ಮನವಿ ಬರೆದಾಗ, ಇಂಥ ಸುಳ್ಳುಗಳನ್ನು ಓದಿ ಓದಿ ಬೇಸತ್ತ ಅಧಿಕಾರಿ ಅವಳನ್ನು ನಂಬಲಾರ.

ಹಾಗೆಯೇ, ತಪ್ಪಿಲ್ಲದೆ ಬಂದ ದಂಡವನ್ನು ಹೆದರಿ ಕಟ್ಟುವುದು ವಿನಯವಲ್ಲ. ಪರದೇಶದಲ್ಲಿದ್ದೇವೆ, ನಮಗೇಕೆ ತಂಟೆ ಎಂದು ನಮ್ಮವರು ಸುಮ್ಮನಾಗುವುದುಂಟು. ಮನವಿ ಮಾಡುವುದು ತಂಟೆಯಲ್ಲ, ಕಾನೂನು ಎಲ್ಲರಿಗೂ ಕೊಟ್ಟ ಹಕ್ಕು. ವೀಸಾದಲ್ಲಿ ಇರುವವರಿಗೂ ಅದು ಅಷ್ಟೇ ಇದೆ.

ಮುಂದಿನ ವಾರ ಮಗನಿಗೋ ಮಗಳಿಗೋ ಫೋನು ಮಾಡುವಾಗ ಎರಡು ಮಾತು ಕೇಳಿ: ಕಾರಿನ ಪುಸ್ತಕದಲ್ಲಿ ಈಗಿನ ಮನೆಯ ವಿಳಾಸವಿದೆಯೇ? ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಹೊರಟು, ಕಾರನ್ನು ಎರಡು ಬೀದಿ ಆಚೆ ಬಿಟ್ಟು, ಮಗುವಿನ ಕೈಹಿಡಿದು ನಡೆದು ಹೋಗಲು ಸಾಧ್ಯವೇ?

ಮನೆಯಲ್ಲಿ ಕೂಡಿ ಯೋಚಿಸಲು

1. ದಂಡದ ಚೀಟಿ ಬಂದಾಗ ನಮ್ಮ ಮನೆಯಲ್ಲಿ ಮೊದಲು ಬರುವ ಮಾತು ಯಾವುದು: ಹೆದರಿಕೆಯದೇ, ಸಿಟ್ಟಿನದೇ, ಅಥವಾ "ಓದಿ ನೋಡೋಣ" ಎಂಬುದೇ?

2. ಸಣ್ಣ ಮೊತ್ತವನ್ನು ಉಳಿಸಲು ಮಕ್ಕಳ ಎದುರಿಗೆ ನಾವು ಹೇಳಿದ ಸುಳ್ಳು ಯಾವುದಾದರೂ ನೆನಪಿದೆಯೇ? ಅದನ್ನು ಇಂದು ಅವರ ಮುಂದೆ ಒಪ್ಪಿಕೊಳ್ಳಬಲ್ಲೆವೇ?

3. ನಮ್ಮ ಊರಿನ ಶಾಲೆಯ ಬಾಗಿಲಲ್ಲಿ ಬೆಳಿಗ್ಗೆ ನಾವು ಗಾಡಿ ನಿಲ್ಲಿಸುವ ಜಾಗದಿಂದ ಬೇರೆ ಮಕ್ಕಳಿಗೆ ಅಪಾಯವಿದೆಯೇ?